ಲೈಪ್‌ಜಿಗ್ ಪೇಟೆಯ ಓಲಗದವರು

ಯೂರೋಪಿನ ಎರಡು ಪುರಾತನ ವ್ಯಾಪಾರಮಾರ್ಗಗಳು, ಒಂದು ಪಶ್ಚಿಮದಿಂದ ಪೂರ್ವಕ್ಕೂ ಇನ್ನೊಂದು ದಕ್ಷಿಣದಿಂದ ಉತ್ತರಕ್ಕೂ ಸಾಗುವಾಗ, ಪರಸ್ಪರ ಸಂಧಿಸುತ್ತಿದ್ದ ಸ್ಥಳದಲ್ಲಿ ಜರ್ಮನಿಯ ಲೈಪ್‌ಜಿಗ್ ನಗರವು ನೆಲೆಸಿದೆ. ವರ್ಷಕ್ಕೆ ಕೆಲವು ಬಾರಿ ಅಲ್ಲಿ ನೆರೆಯುತ್ತಿದ್ದ ಮಹಾಜಾತ್ರೆಗಳಿಗೆ ನಾನಾ ದೇಶಗಳ ವರ್ತಕರು ಬಂದು ಸೇರುತ್ತಿದ್ದರು. ಆ ಜಾತ್ರೆಗಳ ಸಂಪತ್ತಿನಿಂದಲೇ ಊರಿನ ನಡುವಣ ಮಾರುಕಟ್ಟೆಯ ಚೌಕವೂ, ಅದರ ಒಂದು ಬದಿಯನ್ನು ಪೂರ್ತಿಯಾಗಿ ಆಕ್ರಮಿಸಿ ನಿಂತಿರುವ ಹಳೆಯ ಪುರಭವನವೂ ರೂಪುಗೊಂಡವು. 1556–57ರಲ್ಲಿ ಹಿಯರೋನಿಮಸ್ ಲಾಟರ್ ಎಂಬಾತನ ಮೇಲ್ವಿಚಾರಣೆಯಲ್ಲಿ ಎದ್ದ ಈ ಕಟ್ಟಡಕ್ಕೆ ಒಂದು ವೈಚಿತ್ರ್ಯವಿದೆ. ಇದರ ಗೋಪುರವು ನಟ್ಟನಡುವೆ ಇಲ್ಲ. ಒಂದಿಷ್ಟು ಪಕ್ಕಕ್ಕೆ ಸರಿದು ನಿಂತಿದೆ. ಹಾಗೆ ಸರಿದು ನಿಂತುದೇ ಅದರ ಚೆಲುವು ಎಂದು ನೋಡಿದವರೆಲ್ಲ ಒಪ್ಪುತ್ತಾರೆ.

ಇಂದು ಈ ಚೌಕಕ್ಕೆ ಬರುವ ಪ್ರವಾಸಿಯು ಕಮಾನುಗಳ ಕೆಳಗಿನ ಅಂಗಡಿಗಳನ್ನು ನೋಡುತ್ತಾ, ಕಾಫಿಯ ಮೇಜುಗಳ ನಡುವೆ ದಾರಿ ಮಾಡಿಕೊಳ್ಳುತ್ತಾ ನಡೆಯುತ್ತಾನೆ. ಕ್ರಿಸ್ಮಸ್ ಸಮೀಪಿಸಿದ ದಿನಗಳಲ್ಲಿ ಬಂದವನಿಗಾದರೋ ಪುರಭವನದ ಮೊಗಸಾಲೆಯಿಂದ ತುತ್ತೂರಿ ಮತ್ತು ಟ್ರಂಬೋನುಗಳ ನಾದ ಕೇಳಿಬರುತ್ತದೆ. ಚಳಿಗೆ ಕೈಯುಜ್ಜಿಕೊಳ್ಳುತ್ತಿರುವ ಮಕ್ಕಳು ತಲೆಯೆತ್ತಿ ನೋಡುತ್ತಾರೆ. ಹೊಳೆಯುವ ಹಿತ್ತಾಳೆಯ ಬಾಯಿಗಳು ಕೆಳಗಿನ ದೀಪಗಳ ಬೆಳಕನ್ನು ಹಿಡಿದು ಮಿನುಗುತ್ತವೆ. ಇದು ಇತ್ತೀಚಿನ ವಿನೋದವಲ್ಲ. ಶತಮಾನಗಳ ಹಿಂದಿನ ಒಂದು ಉದ್ಯೋಗದ ನೆನಪು.

ಆ ಉದ್ಯೋಗಸ್ಥರಿಗೆ ಜರ್ಮನ್ ಭಾಷೆಯಲ್ಲಿ ‘ಷ್ಟಾಟ್‌ಫೈಫರ್’ ಎಂದು ಹೆಸರು. ಕನ್ನಡದಲ್ಲಿ ಹೇಳುವುದಾದರೆ ಊರ ಓಲಗದವರು. 1479ರಲ್ಲಿಯೇ ಲೈಪ್‌ಜಿಗ್‌ನ ನಗರಸಭೆ ಇಂಥವರನ್ನು ಸಂಬಳ ಕೊಟ್ಟು ನೇಮಿಸಿಕೊಂಡಿತ್ತು. ಬೆಳಿಗ್ಗೆ 10 ಗಂಟೆಗೂ ಮತ್ತೆ ಸಂಜೆಯೂ ಮೊಗಸಾಲೆಯಲ್ಲಿ ನಿಂತು ಊದುವುದು, ಭಾನುವಾರ ಮತ್ತು ಹಬ್ಬಗಳಂದು ಚರ್ಚಿನ ಸಂಗೀತದಲ್ಲಿ ಭಾಗವಹಿಸುವುದು, ಪಟ್ಟಣಿಗರ ಮದುವೆಗಳಲ್ಲಿ ನುಡಿಸುವುದು ಇವೆಲ್ಲ ಅವರ ಕರ್ತವ್ಯ. ಬೆಳಗಿನ ವಾದನವು ಎಷ್ಟು ಪ್ರಸಿದ್ಧವಾಗಿತ್ತೆಂದರೆ, ಆ ಊರಿನ ಓಲಗದವನಾಗಿದ್ದ ಯೋಹಾನ್ ಪೆಟ್ಸೆಲ್ 1670ರಲ್ಲಿ ಪ್ರಕಟಿಸಿದ ತನ್ನ ಕೃತಿಗಳ ಸಂಪುಟಕ್ಕೆ ‘ಲೈಪ್‌ಜಿಗ್ ವಾದ್ಯಗಾರರ ಹತ್ತನೆಯ ಗಂಟೆ’ ಎಂಬರ್ಥದ ಲ್ಯಾಟಿನ್ ಹೆಸರನ್ನೇ ಇಟ್ಟನು.

ಈ ಮಂದಿಯನ್ನು ಇಂದಿನ ವಾದ್ಯಗಾರರಿಂದ ಬೇರ್ಪಡಿಸುವ ಸಂಗತಿಯೊಂದಿದೆ. ಇಂದು ಮೊಗಸಾಲೆಯಲ್ಲಿ ತುತ್ತೂರಿ ಹಿಡಿದು ನಿಂತವನು ಸಾಮಾನ್ಯವಾಗಿ ತುತ್ತೂರಿಯವನೇ; ಓಬೋ ನುಡಿಸುವವನು ಬೇರೊಬ್ಬ. ಆಗಿನ ಊರ ಓಲಗದವನಿಗೆ ಇಂತಹ ವಿಭಾಗವೇ ಇರಲಿಲ್ಲ. ಬೆಳಿಗ್ಗೆ ಟ್ರಂಬೋನು ಊದಿದವನೇ ಮಧ್ಯಾಹ್ನದ ಮದುವೆಯಲ್ಲಿ ಓಬೋ ನುಡಿಸಬೇಕು. ಮರುದಿನ ಚರ್ಚಿನಲ್ಲಿ ಕೊಂಬು ಹಿಡಿಯೆಂದರೆ ಹಿಡಿಯಬೇಕು. ಅಗತ್ಯ ಬಿದ್ದರೆ ಪಿಟೀಲನ್ನೂ ಎತ್ತಿಕೊಳ್ಳಬೇಕು. ಹಿತ್ತಾಳೆಯ ವಾದ್ಯವನ್ನೂ ಮರದ ವಾದ್ಯವನ್ನೂ ಒಟ್ಟೊಟ್ಟಿಗೆ ಕಲಿಯುವುದು ಅವನ ಪಾಲಿಗೆ ಹವ್ಯಾಸವಲ್ಲ, ಅನ್ನದ ಮಾರ್ಗ.

ತುಟಿಯ ಎರಡು ವಿದ್ಯೆಗಳು

ಇದು ಎಷ್ಟು ದುಷ್ಕರವಾದ ಕೆಲಸವೆಂಬುದು ಎರಡು ವಾದ್ಯಗಳ ಗುಟ್ಟನ್ನು ಅರಿತಾಗ ತಿಳಿಯುತ್ತದೆ. ತುತ್ತೂರಿಯ ಒಳಗೆ ನಾದವನ್ನು ಹುಟ್ಟಿಸುವ ಯಾವ ಅಂಗವೂ ಇಲ್ಲ. ಬಟ್ಟಲಿನಾಕಾರದ ಬಾಯ್ತುದಿಗೆ ಒತ್ತಿದ ವಾದಕನ ತುಟಿಗಳೇ ಉಸಿರಿನ ರಭಸಕ್ಕೆ ಅದುರಿ ಸ್ವರವನ್ನು ಹುಟ್ಟಿಸುತ್ತವೆ. ಹಿತ್ತಾಳೆಯ ಕೊಳವೆ ಆ ಅದುರನ್ನು ಹಿಡಿದು ಬೆಳೆಸಿ ಹೊರಗೆ ಕಳುಹಿಸುತ್ತದೆ. ಓಬೋವಿನಲ್ಲಿ ಹಾಗಲ್ಲ. ನಾಗಸ್ವರದಲ್ಲಿರುವಂತೆ ಅದರ ತುದಿಯಲ್ಲಿಯೂ ಜೊಂಡಿನ ಎರಡು ತೆಳ್ಳನೆಯ ಎಸಳುಗಳಿವೆ. ಅದುರುವುದು ಆ ಎಸಳುಗಳು. ತುಟಿಗಳಾದರೋ ಹಲ್ಲುಗಳ ಮೇಲೆ ಒಳಕ್ಕೆ ಮಡಿಚಿಕೊಂಡು ಅವನ್ನು ಮೆತ್ತಗೆ ಹಿಡಿದಿರಬೇಕಷ್ಟೆ. ಒಂದರಲ್ಲಿ ತುಟಿಯೇ ವಾದ್ಯ. ಇನ್ನೊಂದರಲ್ಲಿ ತುಟಿ ವಾದ್ಯವನ್ನು ಹಿಡಿಯುವ ಕೈ.

ಉಸಿರಿನ ಲೆಕ್ಕವೂ ಬೇರೆಯೇ. ತುತ್ತೂರಿಯು ಧಾರಾಳವಾಗಿ ಉಸಿರನ್ನು ಬೇಡುತ್ತದೆ. ಓಬೋವಿನ ಎಸಳುಗಳ ನಡುವಣ ಸಂದಿ ಅತಿ ಕಿರಿದು. ಅದರೊಳಗೆ ಹೋಗುವ ಗಾಳಿ ಸ್ವಲ್ಪ, ಆದರೆ ಒತ್ತಡ ಹೆಚ್ಚು. ಹೀಗಾಗಿ ಓಬೋ ನುಡಿಸುವವನಿಗೆ ಉಸಿರು ಸಾಲದೆ ಬರುವ ಕಷ್ಟಕ್ಕಿಂತ ಉಳಿದ ಉಸಿರನ್ನು ಹೊರಹಾಕುವ ಕಷ್ಟವೇ ಅಧಿಕ. ಹಳೆಯ ಗಾಳಿಯನ್ನು ಬಿಟ್ಟು, ಆಮೇಲೆ ಹೊಸದನ್ನು ಎಳೆದುಕೊಳ್ಳಬೇಕು.

ಬೆರಳಿಗೂ ಇದೇ ಪಾಡು. ಆ ಕಾಲದ ತುತ್ತೂರಿಗೆ ಇಂದಿನಂತೆ ಒತ್ತುಗುಂಡಿಗಳಿರಲಿಲ್ಲ, ರಂಧ್ರಗಳೂ ಇರಲಿಲ್ಲ. ಏಳು ಅಡಿಗಿಂತ ಉದ್ದವಾದ ಕೊಳವೆಯನ್ನು ಮಡಿಸಿ ಮಾಡಿದ ಆ ವಾದ್ಯದಿಂದ ನಿಸರ್ಗ ಕೊಟ್ಟ ಸ್ವರಗಳು ಮಾತ್ರ ಹೊರಡುತ್ತಿದ್ದವು. ಕೆಳಗಿನ ಸ್ಥಾಯಿಯಲ್ಲಿ ಆ ಸ್ವರಗಳ ನಡುವೆ ದೊಡ್ಡ ದೊಡ್ಡ ಅಂತರಗಳು. ಅವು ಒತ್ತೊತ್ತಾಗಿ ಬಂದು ರಾಗವಾಗಿ ಹೊಂದುವುದು ತೀರ ಮೇಲಿನ ಸ್ಥಾಯಿಯಲ್ಲಿ. ಅಲ್ಲಿಗೆ ಏರಬೇಕಾದರೆ ಬಾಯಿಯ ಅಂಚಿನ ಸ್ನಾಯುಗಳು ಉಕ್ಕಿನಂತಿರಬೇಕು. ಒಂದು ಸ್ವರದಿಂದ ಪಕ್ಕದ ಸ್ವರಕ್ಕೆ ಹೋಗಲು ತುಟಿಯ ಬಿಗಿಯೊಂದೇ ಆಧಾರ. ಓಬೋವಿನಲ್ಲಿ ರಂಧ್ರಗಳ ಮೇಲೆ ಆಡುವ ಬೆರಳುಗಳು ಆ ಶ್ರಮವನ್ನು ಬಹುಮಟ್ಟಿಗೆ ಹಂಚಿಕೊಳ್ಳುತ್ತವೆ.

ತುತ್ತೂರಿಯನ್ನು ಬಹಳ ಹೊತ್ತು ಊದಿದ ಮೇಲೆ ತುಟಿಗಳು ಊದಿಕೊಂಡು ಜೋಮು ಹಿಡಿದಂತಾಗುತ್ತವೆ. ಆಗ ಓಬೋವಿನ ಸೂಕ್ಷ್ಮವಾದ ಎಸಳನ್ನು ಹಿಡಿದರೆ ಅದು ಎಲ್ಲಿದೆಯೆಂಬುದೇ ತುಟಿಗೆ ತಿಳಿಯದು. ಎರಡನ್ನೂ ಕಲಿಯುವವನು ನಡುನಡುವೆ ವಿರಾಮ ಕೊಡಬೇಕು. ಪ್ರತಿದಿನ ಎರಡಕ್ಕೂ ಹೊತ್ತನ್ನು ಹಂಚಬೇಕು. ಒಂದರ ಹಿಡಿತವನ್ನು ಇನ್ನೊಂದಕ್ಕೆ ಒಯ್ಯದಂತೆ ಎಚ್ಚರವಾಗಿರಬೇಕು. ಆದರೂ ಶ್ರಮವೆಲ್ಲ ಇಮ್ಮಡಿಯೇನೂ ಅಲ್ಲ. ಹೊಟ್ಟೆಯಿಂದ ಉಸಿರನ್ನು ಎಳೆದು ನಿಧಾನವಾಗಿ ಬಿಡುವ ಅಭ್ಯಾಸ, ನಾಲಗೆಯಿಂದ ಸ್ವರಗಳನ್ನು ಬಿಡಿಸುವ ಕ್ರಮ, ಶ್ರುತಿಜ್ಞಾನ, ತಾಳ ಇವು ಒಂದರಲ್ಲಿ ಸಿದ್ಧಿಸಿದರೆ ಇನ್ನೊಂದಕ್ಕೆ ದೊರೆತ ಬಂಡವಾಳವೇ ಸರಿ.

ಮರಕ್ಕೂ ಹಿತ್ತಾಳೆಗೂ ನಡುವೆ

ಮಾರುಕಟ್ಟೆಯ ಚೌಕದಿಂದ ಪೂರ್ವಕ್ಕೆ ನಡೆದುಹೋಗಬಹುದಾದಷ್ಟು ದೂರದಲ್ಲಿ ಗ್ರಾಸಿ ಸಂಗ್ರಹಾಲಯವಿದೆ. ಲೈಪ್‌ಜಿಗ್ ವಿಶ್ವವಿದ್ಯಾಲಯಕ್ಕೆ ಸೇರಿದ ಸಂಗೀತವಾದ್ಯಗಳ ಭಂಡಾರ ಅಲ್ಲಿದೆ. 1926ರಲ್ಲಿ ಕಲೋನ್ ನಗರದ ಒಂದು ದೊಡ್ಡ ಖಾಸಗಿ ಸಂಗ್ರಹವನ್ನು ಕೊಂಡು ತಂದುದರಿಂದ ಇದಕ್ಕೆ ನಾಂದಿಯಾಯಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1943ರ ಡಿಸೆಂಬರ್ 4ರ ಬಾಂಬಿನ ಮಳೆಗೆ ನಗರದ ಬಹುಭಾಗ ಉರಿಯಿತು. ಹಳೆಯ ಪುರಭವನದ ಛಾವಣಿ ಮತ್ತು ಗೋಪುರಗಳೂ ಅಂದು ಸುಟ್ಟುಹೋದವು. ಗ್ರಾಸಿ ಕಟ್ಟಡವೂ ಪೆಟ್ಟು ತಿಂದಿತು. ಎರಡನ್ನೂ ಮತ್ತೆ ಎತ್ತಿ ನಿಲ್ಲಿಸಲಾಗಿದೆ.

ಇಂತಹ ಭಂಡಾರದಲ್ಲಿ ಹಳೆಯ ಊದುವಾದ್ಯಗಳ ಎದುರು ನಿಂತ ಪ್ರವಾಸಿಗೆ ಮೊದಲು ಗೊಂದಲವಾಗುವುದು ಸಹಜ. ‘ಜಿಂಕ್’ ಎಂಬ ವಾದ್ಯವನ್ನು ನೋಡಬೇಕು. ಆಡಿನ ಕೊಂಬಿನಂತೆ ತುಸು ಬಾಗಿದ ಮರದ ಕೊಳವೆ. ಅದಕ್ಕೆ ಕಪ್ಪು ತೊಗಲಿನ ಹೊದಿಕೆ. ಕೊಳಲಿನಂತೆ ಮುಂದೆ 6 ರಂಧ್ರಗಳು, ಹಿಂದೆ ಹೆಬ್ಬೆರಳಿಗೊಂದು. ನೋಡುವುದಕ್ಕೆ ಮರದ ವಾದ್ಯವೇ. ಆದರೆ ಅದರ ಬಾಯ್ತುದಿ ತುತ್ತೂರಿಯಂತೆ ಪುಟ್ಟ ಬಟ್ಟಲು. ಊದುವ ಕ್ರಮವೂ ತುತ್ತೂರಿಯದೇ. ಕೊಳಲಿನ ಬೆರಳು, ತುತ್ತೂರಿಯ ತುಟಿ! ಪಂಡಿತರು ಇದನ್ನು ಹಿತ್ತಾಳೆಯ ವರ್ಗಕ್ಕೇ ಸೇರಿಸುತ್ತಾರೆ. ವಾದ್ಯದ ಕುಲವನ್ನು ನಿರ್ಧರಿಸುವುದು ಅದು ಯಾವ ಪದಾರ್ಥದಿಂದ ಆಗಿದೆ ಎಂಬುದಲ್ಲ, ನಾದ ಎಲ್ಲಿ ಹುಟ್ಟುತ್ತದೆ ಎಂಬುದು. ಊರ ಓಲಗದವರ ಮುಖ್ಯ ವಾದ್ಯಗಳಲ್ಲಿ ಇದೂ ಒಂದು. ಜಿಂಕ್ ಮೇಲಿನ ಸ್ವರವನ್ನು ನುಡಿಸುತ್ತಿದ್ದರೆ ಮೂರು ಟ್ರಂಬೋನುಗಳು ಕೆಳಗಿನ ಸ್ವರಗಳನ್ನು ತುಂಬುತ್ತಿದ್ದವು.

ಇದಕ್ಕೆ ವಿರುದ್ಧವಾದ ಮತ್ತೊಂದು ಸೃಷ್ಟಿ ಲೈಪ್‌ಜಿಗ್‌ನಲ್ಲಿಯೇ ನಡೆಯಿತು. ಯೋಹಾನ್ ಹೈನ್‌ರಿಖ್ ಐಖೆನ್‌ಟಾಫ್ ಎಂಬ ಕುಶಲಕರ್ಮಿ ಈ ಊರಿನಲ್ಲಿ ಮರದ ವಾದ್ಯಗಳನ್ನೂ ಹಿತ್ತಾಳೆಯ ವಾದ್ಯಗಳನ್ನೂ ಒಂದೇ ಕೈಯಿಂದ ತಯಾರಿಸುತ್ತಿದ್ದನು. ‘ಓಬೋ ದ ಕಾಚಾ’, ಎಂದರೆ ಬೇಟೆಯ ಓಬೋ ಎಂಬ ವಾದ್ಯಕ್ಕೆ ಅವನು ಬಾಗಿದ ಮರದ ಒಡಲು, ತೊಗಲಿನ ಹೊದಿಕೆ, ತುದಿಯಲ್ಲಿ ಅಗಲವಾದ ಹಿತ್ತಾಳೆಯ ಬಾಯಿ ಇವನ್ನು ಕೂಡಿಸಿದನು. ಕಣ್ಣಿಗೆ ಅರ್ಧ ಕೊಂಬು. ನಾದದಲ್ಲಿ ಪೂರ್ಣ ಓಬೋ. 1724ರಲ್ಲಿ ಅವನು ಮಾಡಿದ ಎರಡು ವಾದ್ಯಗಳು ಇಂದಿಗೂ ಉಳಿದಿವೆ. ಒಂದು ಸ್ಟಾಕ್‌ಹೋಮಿನಲ್ಲಿ, ಇನ್ನೊಂದು ಕೋಪನ್‌ಹೇಗನ್‌ನಲ್ಲಿ. ಮರವೂ ಹಿತ್ತಾಳೆಯೂ ಒಬ್ಬನೇ ವಾದಕನ ಬಾಯಲ್ಲಿ ನಲಿಯುತ್ತಿದ್ದ ಊರಿನಲ್ಲಿ ಇಂತಹ ಕಲ್ಪನೆ ಮೂಡಿದುದು ಆಶ್ಚರ್ಯವಲ್ಲ.

ಕಮ್ಮಾರನ ಮಗ

ಈ ವಿದ್ಯೆಯನ್ನು ಕಲಿಯುವ ಕ್ರಮ ಹೇಗಿತ್ತೆಂಬುದನ್ನು ತಿಳಿಯಬೇಕಾದರೆ ಲೈಪ್‌ಜಿಗ್‌ನಿಂದ ಪಶ್ಚಿಮಕ್ಕೆ ಸುಮಾರು 18 ಮೈಲಿ ದೂರದ ಮೆರ್ಸೆಬರ್ಗ್ ಎಂಬ ಊರಿಗೆ ಹೋಗಬೇಕು. ಜಾಲೆ ನದಿಯ ದಂಡೆಯ ಎತ್ತರದಲ್ಲಿ ಪುರಾತನ ಚರ್ಚೂ ಅರಮನೆಯೂ ಒಂದಕ್ಕೊಂದು ಆತುಕೊಂಡು ನಿಂತಿವೆ. ಅರಮನೆಯ ಬಳಿ ಒಂದು ಪಂಜರದಲ್ಲಿ ಕಾಡುಕಾಗೆಯನ್ನು ಸಾಕುವ ರೂಢಿಯಿದೆ. ಉಂಗುರ ಕದ್ದ ಕಾಗೆ ಮತ್ತು ನಿರಪರಾಧಿಯಾದ ಸೇವಕನನ್ನು ಕೊಲ್ಲಿಸಿದ ಬಿಷಪ್ಪನ ಐತಿಹ್ಯಕ್ಕೆ ಅದು ಸಾಕ್ಷಿ.

1708ರಲ್ಲಿ ಈ ಊರಿಗೆ ತಂದೆತಾಯಿಗಳಿಲ್ಲದ, 11 ವರ್ಷದ ಹುಡುಗನೊಬ್ಬ ಬಂದನು. ಯೋಹಾನ್ ಯೋಆಖಿಮ್ ಕ್ವಾಂಟ್ಸ್ ಎಂದು ಅವನ ಹೆಸರು. ತಂದೆ ಕಮ್ಮಾರ, ಮಗನನ್ನೂ ಕುಲುಮೆಯ ಕೆಲಸಕ್ಕೇ ಹಚ್ಚಿದ್ದನು. ತಂದೆ ತೀರಿಕೊಂಡ ಮೇಲೆ, ಮೆರ್ಸೆಬರ್ಗಿನಲ್ಲಿ ಊರ ಓಲಗದವನಾಗಿದ್ದ ಚಿಕ್ಕಪ್ಪನೊಬ್ಬ ಹುಡುಗನನ್ನು ಕರೆಸಿಕೊಂಡನು. ದುರ್ದೈವ, ಮೂರೇ ತಿಂಗಳಲ್ಲಿ ಚಿಕ್ಕಪ್ಪನೂ ಕಣ್ಮುಚ್ಚಿದನು. ಅವನ ಅಳಿಯ ಫ್ಲೈಷ್‌ಹಾಕ್ ಆ ಕೆಲಸಕ್ಕೆ ಬಂದು, ಹುಡುಗನನ್ನು ಶಿಷ್ಯನಾಗಿ ಉಳಿಸಿಕೊಂಡನು.

ಐದು ವರ್ಷಗಳಿಗೂ ಮೀರಿದ ಈ ಶಿಷ್ಯವೃತ್ತಿಯನ್ನು ಕನ್ನಡದ ಓದುಗರು ಗುರುಕುಲವಾಸವೆಂದೇ ತಿಳಿಯಬಹುದು. ಹುಡುಗ ಮೊದಲು ಕಲಿತದ್ದು ಪಿಟೀಲು. ಅದರ ಹಿಂದೆಯೇ ಓಬೋ, ತುತ್ತೂರಿ. ಈ ಮೂರು ಅವನ ಮುಖ್ಯ ಅಭ್ಯಾಸ. ಇಷ್ಟಕ್ಕೇ ಮುಗಿಯಲಿಲ್ಲ: ಜಿಂಕ್, ಟ್ರಂಬೋನು, ಕೊಂಬು, ನೇರ ಕೊಳಲು, ಬಸೂನು, ಜೊತೆಗೆ ದೊಡ್ಡ ತಂತಿವಾದ್ಯಗಳು. ಊರ ಓಲಗದವನಾಗಬೇಕಾದವನಿಗೆ ಇವೆಲ್ಲ ಬರಲೇಬೇಕಿತ್ತು. ಮುಂದೆ ಹೆಸರು ಗಳಿಸಿದ ಬಳಿಕ ಬರೆದ ಆತ್ಮವೃತ್ತಾಂತದಲ್ಲಿ ಕ್ವಾಂಟ್ಸ್ ಈ ಪದ್ಧತಿಯನ್ನು ಹೊಗಳಿಲ್ಲ. ಇಷ್ಟೊಂದು ವಾದ್ಯಗಳಿಗೆ ಕೈಹಾಕುವವನು ಪ್ರತಿಯೊಂದರಲ್ಲಿಯೂ ಅರೆಬರೆಯಾಗಿಯೇ ಉಳಿಯುತ್ತಾನೆ ಎಂಬರ್ಥದಲ್ಲಿ ನಿಷ್ಠುರವಾಗಿ ಹೇಳಿದ್ದಾನೆ.

ಅವನ ಜೀವನವೂ ಆ ಮಾತನ್ನು ಸಮರ್ಥಿಸುವಂತೆ ತಿರುಗಿತು. 1718ರಲ್ಲಿ ಅವನು ಸ್ಯಾಕ್ಸನಿಯ ಅರಸನ ಪೋಲಿಷ್ ವಾದ್ಯಮೇಳಕ್ಕೆ ಓಬೋ ವಾದಕನಾಗಿ ಸೇರಿದನು. ಅಲ್ಲಿ ತನಗಿಂತ ಹಿರಿಯರಾದ ಓಬೋ ವಾದಕರಿದ್ದರು. ಅವರನ್ನು ದಾಟಿ ಮೇಲೇರುವ ಭರವಸೆ ಕಾಣಲಿಲ್ಲ. ಕಲಿತ ವಾದ್ಯಗಳನ್ನೆಲ್ಲ ಬದಿಗಿಟ್ಟು, ಅಡ್ಡ ಹಿಡಿದು ಊದುವ ಕೊಳಲೊಂದನ್ನೇ ಆರಿಸಿಕೊಂಡನು. ಅದೇ ಅವನನ್ನು ಎತ್ತರಕ್ಕೆ ಒಯ್ದಿತು. 1741ರಲ್ಲಿ ಪ್ರಷ್ಯದ ಅರಸ ಮಹಾಫ್ರೆಡರಿಕನು ಅವನನ್ನು ವರ್ಷಕ್ಕೆ 2,000 ಟಾಲರುಗಳ ಸಂಬಳದ ಮೇಲೆ ತನ್ನಲ್ಲಿಗೆ ಕರೆಸಿಕೊಂಡನು. ಅರಸನಿಗೆ ಕೊಳಲು ಕಲಿಸುತ್ತಾ ಕ್ವಾಂಟ್ಸ್ 1773ರವರೆಗೂ ಬಾಳಿದನು.

ಹಾಗಾದರೆ ಮೆರ್ಸೆಬರ್ಗಿನ ಆ ವರ್ಷಗಳು ವ್ಯರ್ಥವೇ? 1752ರಲ್ಲಿ ಅವನು ಪ್ರಕಟಿಸಿದ ಕೊಳಲಿನ ಗ್ರಂಥವನ್ನು ತೆರೆದವರು ಹಾಗೆನ್ನಲಾರರು. ಕೊಳಲಿನ ಹೆಸರು ಹೊತ್ತ ಆ ಗ್ರಂಥದ ಬಹುಭಾಗ ಕೊಳಲನ್ನು ಕುರಿತದ್ದೇ ಅಲ್ಲ. ಮೇಳದ ಪ್ರತಿಯೊಂದು ವಾದ್ಯದವನೂ ಹೇಗೆ ನುಡಿಸಬೇಕು, ಒಬ್ಬ ಇನ್ನೊಬ್ಬನಿಗೆ ಹೇಗೆ ಕಿವಿಗೊಡಬೇಕು ಎಂಬ ವಿವರಗಳಿಂದ ಅದು ತುಂಬಿದೆ. ಅರೆಬರೆಯಾಗಿ ಕಲಿತ ವಾದ್ಯಗಳ ಜ್ಞಾನವೇ ಅಲ್ಲಿ ಪೂರ್ಣಫಲವನ್ನು ಕೊಟ್ಟಿದೆ.

ಬಾಖ್‌ನ ಅಳಲು

ಲೈಪ್‌ಜಿಗ್‌ಗೆ ಹಿಂದಿರುಗಿ ಸಂತ ಥಾಮಸರ ಚರ್ಚಿನೊಳಗೆ ಕಾಲಿಟ್ಟರೆ, ನೆಲದಲ್ಲಿ ಒಂದು ಸರಳವಾದ ಕಂಚಿನ ಫಲಕ ಕಾಣುತ್ತದೆ. ಯೋಹಾನ್ ಸೆಬಾಸ್ಟಿಯನ್ ಬಾಖ್‌ನ ಸಮಾಧಿಯದು. 1950ರಿಂದ ಅವನ ಅವಶೇಷಗಳು ಇಲ್ಲಿವೆ. 1723ರಿಂದ 1750ರವರೆಗೆ ಈ ನಗರದ ಚರ್ಚುಗಳ ಸಂಗೀತ ಅವನ ಹೊಣೆಯಾಗಿತ್ತು. ಇಂದು ಜಗತ್ತು ತಲೆದೂಗುವ ಅವನ ಕೃತಿಗಳನ್ನು ಮೊದಲು ನುಡಿಸಿದವರು ಈ ಓಲಗದವರೇ. ಒಂದೇ ಕೃತಿಯಲ್ಲಿ ಓಬೋ ವಾದಕನ ಕೈಗೆ ನೇರ ಕೊಳಲು ಬರುವುದು, ತುತ್ತೂರಿಯವನು ಕೊಂಬು ಹಿಡಿಯುವುದು ಅಲ್ಲಿ ದಿನದ ಮಾತು.

ಆದರೆ ಬಾಖ್ ಸಂತೃಪ್ತನಾಗಿರಲಿಲ್ಲ. 1730ರ ಆಗಸ್ಟ್ 23ರಂದು ನಗರಸಭೆಗೆ ಒಂದು ಮನವಿಯನ್ನು ಬರೆದುಕೊಂಡನು. ಚರ್ಚಿನ ಸಂಗೀತಕ್ಕೆ ಕನಿಷ್ಠ 18 ವಾದಕರು ಬೇಕು. ನಗರ ಸಂಬಳ ಕೊಡುವವರು ಒಟ್ಟು 8 ಮಂದಿ: 4 ಜನ ಓಲಗದವರು, 3 ಜನ ಪಿಟೀಲಿನವರು, ಒಬ್ಬ ಶಿಷ್ಯ. ಅವರ ಯೋಗ್ಯತೆಯ ವಿಷಯವಾಗಿ ಸತ್ಯ ಹೇಳುವುದಕ್ಕೆ ಸಂಕೋಚವೆಂದು ಸೂಚಿಸಿ, ಕೆಲವರು ವಯಸ್ಸಾದವರೆಂದೂ ಕೆಲವರಿಗೆ ಸಾಕಷ್ಟು ಸಾಧನೆಯಿಲ್ಲವೆಂದೂ ತಿಳಿಸಿದನು. ಜೊತೆಗಿಟ್ಟ ಪಟ್ಟಿಯಲ್ಲಿ ಮೊದಲ ತುತ್ತೂರಿಗೆ ರೈಖೆ, ಮೊದಲ ಓಬೋವಿಗೆ ಗ್ಲೆಡಿಚ್, ಬಸೂನಿಗೆ ಶಿಷ್ಯ ಎಂದಿದೆ. ಮೂರನೆಯ ತುತ್ತೂರಿ ಮೊದಲಾದ ಹಲವು ಸ್ಥಾನಗಳ ಮುಂದೆ ‘ಖಾಲಿ’ ಎಂದು ಬರೆದಿದೆ. ಎಲ್ಲವನ್ನೂ ಕಲಿತವರೇ ಆದರೂ, ಕಾಲ ಕಳೆದಂತೆ ಒಬ್ಬೊಬ್ಬನೂ ತನಗೊಲಿದ ಒಂದು ವಾದ್ಯದಲ್ಲಿ ನೆಲೆಯೂರುತ್ತಿದ್ದನೆಂಬುದು ಈ ಪಟ್ಟಿಯಿಂದ ತಿಳಿಯುತ್ತದೆ.

ಹಾಗಿದ್ದರೂ ಪರೀಕ್ಷೆಯ ನಿಯಮ ಸಡಿಲವಾಗಲಿಲ್ಲ. 1745ರ ಜುಲೈ 24ರಂದು ಕಾರ್ಲ್ ಫ್ರೀಡ್‌ರಿಖ್ ಫಾಫೆ ಎಂಬ ಉಮೇದುವಾರನಿಗೆ ಬಾಖ್‌ನೇ ಬರೆದುಕೊಟ್ಟ ಯೋಗ್ಯತಾಪತ್ರ ಉಳಿದುಬಂದಿದೆ. ಪಿಟೀಲು, ಓಬೋ, ಅಡ್ಡ ಕೊಳಲು, ತುತ್ತೂರಿ, ಕೊಂಬು ಮತ್ತು ಮಂದ್ರಸ್ಥಾಯಿಯ ವಾದ್ಯಗಳು ಇವೆಲ್ಲವನ್ನೂ ಅವನು ಎಲ್ಲರೂ ಮೆಚ್ಚುವಂತೆ ನುಡಿಸಿ ತೋರಿಸಿದನೆಂದು ಅದರಲ್ಲಿದೆ.

ಪಂಜುಗಳ ಹೊಗೆ

ಹಳೆಯ ಪುರಭವನ ಈಗ ನಗರದ ಇತಿಹಾಸದ ಸಂಗ್ರಹಾಲಯವಾಗಿದೆ. ಚಿತ್ರಕಾರ ಹೌಸ್‌ಮನ್ 1746ರಲ್ಲಿ ಬರೆದ ಬಾಖ್‌ನ ಪ್ರಸಿದ್ಧ ಭಾವಚಿತ್ರ ಈ ಸಂಗ್ರಹದ್ದು. ಅದೇ ಹೌಸ್‌ಮನ್ ಅದಕ್ಕೂ ಸುಮಾರು 20 ವರ್ಷ ಮೊದಲು ಬರೆದ ಗಾಟ್‌ಫ್ರೀಡ್ ರೈಖೆಯ ಚಿತ್ರವೂ ಇದೇ ಸಂಗ್ರಹದಲ್ಲಿದೆ. ಕೆಂಪೇರಿದ ಮುಖ, ದೃಢವಾದ ತುಟಿ. ಒಂದು ಕೈಯಲ್ಲಿ ಸುರುಳಿ ಸುತ್ತಿದ ತುತ್ತೂರಿ, ಇನ್ನೊಂದರಲ್ಲಿ ಸ್ವರಲಿಪಿಯ ಹಾಳೆ. ಆ ಸುರುಳಿಯ ವಾದ್ಯವನ್ನು ತುತ್ತೂರಿ ಎನ್ನಬೇಕೋ ಕೊಂಬು ಎನ್ನಬೇಕೋ ಎಂದು ವಿದ್ವಾಂಸರು ಇನ್ನೂ ಚರ್ಚಿಸುತ್ತಾರೆ. ಹಾಳೆಯಲ್ಲಿರುವ ಪುಟ್ಟ ರಚನೆಯನ್ನಂತೂ ತುತ್ತೂರಿಯವರು ಇಂದಿಗೂ ನುಡಿಸುತ್ತಾರೆ. ಅಮೆರಿಕದ ಒಂದು ಭಾನುವಾರದ ಟೆಲಿವಿಷನ್ ಕಾರ್ಯಕ್ರಮ ಅದರಿಂದಲೇ ಆರಂಭವಾಗುವ ರೂಢಿ 1979ರಿಂದ ಬಂದಿದೆ.

ರೈಖೆ 1688ರಲ್ಲಿ ಲೈಪ್‌ಜಿಗ್‌ಗೆ ಬಂದವನು. ಸಹಾಯಕನಾಗಿದ್ದು, ಪಿಟೀಲಿನವನಾಗಿ, 1706ರಲ್ಲಿ ಊರ ಓಲಗದವನಾಗಿ, ಕೊನೆಗೆ ಅವರೆಲ್ಲರ ಹಿರಿಯನಾಗಿ ಮೆಟ್ಟಿಲು ಮೆಟ್ಟಿಲಾಗಿ ಏರಿದವನು. 1696ರಲ್ಲಿ ಜಿಂಕ್ ಮತ್ತು ಮೂರು ಟ್ರಂಬೋನುಗಳಿಗಾಗಿ 24 ರಚನೆಗಳನ್ನು ಅಚ್ಚು ಹಾಕಿಸಿದ್ದನು. ಬಾಖ್ ಈ ನಗರಕ್ಕೆ ಬಂದಮೇಲೆ ಬರೆದ ದುರ್ಗಮವಾದ ತುತ್ತೂರಿಯ ಸ್ವರಗಳು ಈ ಮುದುಕನ ತುಟಿಯ ಬಲವನ್ನು ನಂಬಿ ಬರೆದವು.

1734ರ ಅಕ್ಟೋಬರ್ ಮೊದಲಲ್ಲಿ ಸ್ಯಾಕ್ಸನಿಯ ದೊರೆಯೂ ಪೋಲೆಂಡಿನ ಅರಸನೂ ಆದ ಮೂರನೆಯ ಆಗಸ್ಟಸನು ಪರಿವಾರಸಮೇತ ಲೈಪ್‌ಜಿಗ್‌ಗೆ ಬಂದನು. ಅವನು ಅರಸನಾಗಿ ಆಯ್ಕೆಯಾದ ವಾರ್ಷಿಕೋತ್ಸವಕ್ಕೆ ಬಾಖ್ ಆತುರಾತುರವಾಗಿ ಒಂದು ಕೃತಿಯನ್ನು ಸಿದ್ಧಗೊಳಿಸಿದನು. 5ನೆಯ ತಾರೀಖಿನ ರಾತ್ರಿ, ಇದೇ ಮಾರುಕಟ್ಟೆಯ ಚೌಕದಲ್ಲಿ, ಅರಸನು ಇಳಿದಿದ್ದ ಮನೆಯ ಎದುರಿಗೆ ಅದನ್ನು ಹಾಡಿ ನುಡಿಸಿದರು. 600 ಮಂದಿ ವಿದ್ಯಾರ್ಥಿಗಳು ಉರಿಯುವ ಪಂಜುಗಳನ್ನು ಹಿಡಿದು ಸುತ್ತಲೂ ನಿಂತಿದ್ದರು. ಆ ಬೆಳಕಿನಲ್ಲಿ, ಆ ಹೊಗೆಯಲ್ಲಿ, 67 ವರ್ಷದ ರೈಖೆ ಮೊದಲ ತುತ್ತೂರಿಯನ್ನು ಊದಿದನು.

ಮರುದಿನ ಮನೆಗೆ ಹೋಗುತ್ತಿರುವಾಗ, ಓಲಗದವರು ವಾಸವಾಗಿದ್ದ ಓಣಿಯಲ್ಲಿ, ತನ್ನ ಮನೆಯ ಸಮೀಪದಲ್ಲಿಯೇ ಅವನು ಕುಸಿದುಬಿದ್ದನು. ಹಿಂದಿನ ರಾತ್ರಿಯ ಅತಿಶ್ರಮವೂ ಪಂಜುಗಳ ಹೊಗೆಯೂ ಅವನನ್ನು ಬಲಿ ತೆಗೆದುಕೊಂಡವೆಂದು ಅಂದಿನ ನಗರವೃತ್ತಾಂತ ದಾಖಲಿಸಿದೆ. ಆ ರಾತ್ರಿಯ ಮೊದಲ ಮೇಳಗಾನದ ಸಂಗೀತ ಮುಂದೆ ಬಾಖ್‌ನ ಬಿ ಮೈನರ್ ಮಾಸ್ ಎಂಬ ಮಹಾಕೃತಿಯಲ್ಲಿ ಸೇರಿ ಇಂದಿಗೂ ಮೊಳಗುತ್ತಿದೆ.

1743ರಲ್ಲಿ ನಗರದ ವರ್ತಕರು 16 ವಾದಕರ ಒಂದು ಮೇಳವನ್ನು ಕಟ್ಟಿದರು. ಅದೇ ಇಂದು ಗೆವಾಂಡ್‌ಹೌಸ್ ವಾದ್ಯವೃಂದವೆಂದು ಲೋಕಪ್ರಸಿದ್ಧವಾಗಿದೆ. ಅಂತಹ ವೃಂದಗಳು ಬೆಳೆದಂತೆ ಒಬ್ಬನಿಗೆ ಒಂದೇ ವಾದ್ಯವೆಂಬುದು ನಿಯಮವಾಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಊರ ಓಲಗದವರ ವೃತ್ತಿಯೇ ಕರಗಿಹೋಯಿತು. ಒಂದನ್ನೇ ಹಿಡಿದುದರಿಂದ ವಾದನ ಸೂಕ್ಷ್ಮವಾಯಿತೆಂಬುದು ನಿಜ. ಕ್ವಾಂಟ್ಸ್ ಬಯಸಿದ್ದೂ ಅದನ್ನೇ. ಆದರೆ ಪಕ್ಕದವನ ತುಟಿಯ ನೋವನ್ನು ತನ್ನ ತುಟಿಯಿಂದಲೇ ಬಲ್ಲ ವಾದಕ ಅಪರೂಪವಾದನು.

ಸಂಜೆಯಾಗುತ್ತಿದ್ದಂತೆ ಚೌಕದಲ್ಲಿ ದೀಪಗಳು ಹೊತ್ತಿಕೊಳ್ಳುತ್ತವೆ. ಹೆಗಲಿಗೆ ವಾದ್ಯದ ಪೆಟ್ಟಿಗೆ ತೂಗುಹಾಕಿಕೊಂಡ ಸಂಗೀತಶಾಲೆಯ ಹುಡುಗಹುಡುಗಿಯರು ಪುರಭವನದ ಕಮಾನುಗಳ ಕೆಳಗೆ ಮಾತನಾಡುತ್ತಾ ಹಾದುಹೋಗುತ್ತಾರೆ. ಒಬ್ಬೊಬ್ಬರ ಹೆಗಲಿನಲ್ಲಿ ಒಂದೊಂದೇ ಪೆಟ್ಟಿಗೆ. ಮೇಲೆ, ಮೊಗಸಾಲೆ ಬರಿದಾಗಿದೆ.